ಮನೆಯಲ್ಲಿ ಆರೈಕೆ ಮಾಡುವವರ ಮೇಲಾಗುವ ಭಾವನಾತ್ಮಕ ಹಾಗೂ ಸಾಮಾಜಿಕ ಪರಿಣಾಮಗಳು – ಹುಬ್ಬಳ್ಳಿ-ಧಾರವಾಡದ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಪಿಂಚಣಿ, ಅಂಗವೈಕಲ್ಯ ಗುರುತಿನ ಚೀಟಿ, ವೈದ್ಯಕೀಯ ನೆರವು ಮುಂತಾದ ಸೌಲಭ್ಯಗಳನ್ನು ಕೋರಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ಅನೇಕವನ್ನು ಫಲಾನುಭವಿಗಳು ಸ್ವತಃ ತಂದು ಕೊಡುವುದಿಲ್ಲ. ಹಾಸಿಗೆ ಹಿಡಿದ ಮಾವನವರ ಪರವಾಗಿ ಸೊಸೆ, ಮನೋವ್ಯಾಧಿಯಿಂದ ಬಳಲುವ ತಮ್ಮನ ಪರವಾಗಿ ಅಕ್ಕ, ಬುದ್ಧಿಮಾಂದ್ಯ ಮಗನ ಪರವಾಗಿ ತಾಯಿ, ಪತ್ನಿಯ ಪರವಾಗಿ ವಯೋವೃದ್ಧ ಪತಿ ಕಚೇರಿಯ ಮುಂದೆ ಸರದಿಯಲ್ಲಿ ನಿಂತಿರುತ್ತಾರೆ. ಅರ್ಜಿ ನಮೂನೆಯಲ್ಲಿ ಇವರಿಗೆ ದೊರೆಯುವ ಸ್ಥಳವು ಸಾಮಾನ್ಯವಾಗಿ ಒಂದೇ ಒಂದು ಅಂಕಣ: "ಸಂಬಂಧ". ಆ ಅಂಕಣದಲ್ಲಿ "ಮಗಳು" ಅಥವಾ "ಪತಿ" ಎಂದು ಬರೆದ ನಂತರ ಇವರ ವಿಷಯವಾಗಿ ಬೇರೆ ಯಾವ ಪ್ರಶ್ನೆಯನ್ನೂ ಕೇಳಲಾಗುವುದಿಲ್ಲ.

ಈ ಪುಟವನ್ನು ಅಂಥವರಿಗಾಗಿಯೇ ಸಿದ್ಧಪಡಿಸಲಾಗಿದೆ. ಸಂಬಳವಿಲ್ಲದೆ, ತರಬೇತಿಯಿಲ್ಲದೆ, ಬಹುತೇಕ ಸಂದರ್ಭಗಳಲ್ಲಿ ಮುನ್ಸೂಚನೆಯೂ ಇಲ್ಲದೆ ಆರೈಕೆಯ ಹೊಣೆ ಹೊತ್ತವರ ಮನಸ್ಸಿನ ಮೇಲೆ ಹಾಗೂ ಸಾಮಾಜಿಕ ಜೀವನದ ಮೇಲೆ ಆಗುವ ಪರಿಣಾಮಗಳನ್ನು, ಅವುಗಳನ್ನು ಗುರುತಿಸುವ ಬಗೆಯನ್ನು ಮತ್ತು ದೊರೆಯುವ ನೆರವನ್ನು ಇಲ್ಲಿ ವಿವರಿಸಲಾಗಿದೆ. ಆರೈಕೆದಾರರೂ ಆರೈಕೆಗೆ ಅರ್ಹರು ಎಂಬುದು ಈ ಪುಟದ ಮುಖ್ಯ ಆಶಯ.

2. ಆರೈಕೆದಾರರು ಎಂದರೆ ಯಾರು?

"ನಾನು ಆರೈಕೆದಾರಳಲ್ಲ, ಮಗಳು" ಎಂದು ಹೇಳುವವರೇ ಹೆಚ್ಚು. ಕರ್ತವ್ಯವೆಂದು ಭಾವಿಸಿದ ಕೆಲಸಕ್ಕೆ ಬೇರೊಂದು ಹೆಸರಿಡುವುದು ಅನೇಕರಿಗೆ ಸರಿಕಾಣುವುದಿಲ್ಲ. ಆದರೆ ಕಾನೂನು ಈ ಹೆಸರನ್ನು ಸ್ಪಷ್ಟವಾಗಿ ಮಾನ್ಯ ಮಾಡಿದೆ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ, ಅಂಗವಿಕಲ ವ್ಯಕ್ತಿಗೆ ಸಂಭಾವನೆ ಪಡೆದು ಅಥವಾ ಪಡೆಯದೆ ಆರೈಕೆ, ಬೆಂಬಲ ಅಥವಾ ಸಹಾಯ ನೀಡುವ ಯಾವುದೇ ವ್ಯಕ್ತಿಯು ಆರೈಕೆದಾರರಾಗಿರುತ್ತಾರೆ. ತಂದೆ-ತಾಯಿ ಹಾಗೂ ಕುಟುಂಬದ ಇತರ ಸದಸ್ಯರೂ ಇದರಲ್ಲಿ ಸೇರುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ, ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಯೊಡನೆ ವಾಸವಾಗಿದ್ದು ಅವರ ಆರೈಕೆಯ ಹೊಣೆ ಹೊತ್ತವರು ಆರೈಕೆದಾರರು. ಅವರು ಸಂಬಂಧಿಕರಾಗಿರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ ರಕ್ತಸಂಬಂಧವಿಲ್ಲದ ನೆರೆಮನೆಯವರು ಅಥವಾ ಸ್ನೇಹಿತರು ಆರೈಕೆ ಮಾಡುತ್ತಿದ್ದರೂ ಅವರು ಈ ಪದದ ವ್ಯಾಪ್ತಿಗೆ ಬರಬಹುದು.

3. ಹುಬ್ಬಳ್ಳಿ-ಧಾರವಾಡದ ಹಿನ್ನೆಲೆ

2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡ ಮಹಾನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಆದರೆ ಈ ಅವಳಿ ನಗರದಲ್ಲಿ ಆರೈಕೆಯ ಹೊಣೆ ಹೊತ್ತು ಓಡಾಡುವವರೆಲ್ಲರೂ ಇಲ್ಲಿಯ ನಿವಾಸಿಗಳಲ್ಲ. ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದೇ ಜನಜನಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆಯು 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂಬ ಹೆಸರಿನಿಂದ ಆರಂಭವಾಯಿತು. ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಧಾರವಾಡದ ಜಿಲ್ಲಾ ಆಸ್ಪತ್ರೆ ಹಾಗೂ ಸತ್ತೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೂ ದೂರದ ಊರುಗಳ ಜನರು ಬರುತ್ತಾರೆ.

ಧಾರವಾಡದ ಮಾನಸಿಕ ಆಸ್ಪತ್ರೆಯ ಇತಿಹಾಸವು ಬ್ರಿಟಿಷರ ಕಾಲದ್ದು. 1845ರಲ್ಲಿ ಆಶ್ರಯಾಲಯವಾಗಿ ಆರಂಭವಾದ ಆ ಸಂಸ್ಥೆಯು ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಗಿದೆ. ಆ ಕಾಲದಲ್ಲಿ ಇಂತಹ ಸಂಸ್ಥೆಗಳ ಉದ್ದೇಶವು ರೋಗಿಯನ್ನು ಮನೆಯಿಂದ ಪ್ರತ್ಯೇಕವಾಗಿ ಇರಿಸುವುದಾಗಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲಿಯೇ ಡೇರೆಗಳಲ್ಲಿ ತಂಗಲು ಅವಕಾಶ ಕಲ್ಪಿಸಿ, ಕುಟುಂಬವನ್ನು ಚಿಕಿತ್ಸೆಯ ಭಾಗವನ್ನಾಗಿ ಮಾಡಿದರು. ಕುಟುಂಬದೊಡನೆ ಚಿಕಿತ್ಸೆ ಎಂಬ ಈ ಕ್ರಮವು ಕ್ರಮೇಣ ದೇಶದ ಇತರ ಕಡೆಗಳಲ್ಲಿಯೂ ಬೇರೂರಿತು. ಇದರಿಂದ ರೋಗಿಗಳಿಗೆ ಆದ ಪ್ರಯೋಜನವು ದೊಡ್ಡದು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಆರೈಕೆಯ ಭಾರವನ್ನು ಮನೆಯಲ್ಲಿ ಯಾರು, ಹೇಗೆ ಹೊರುತ್ತಾರೆ ಎಂಬ ಪ್ರಶ್ನೆಯತ್ತ ಗಮನ ಹರಿದದ್ದು ತಡವಾಗಿ. 1981ರಲ್ಲಿ ಪೈ ಹಾಗೂ ಕಪೂರ್ ಎಂಬ ತಜ್ಞರು ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಸಂದರ್ಶನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಹಣಕಾಸು, ದಿನಚರಿ, ಬಿಡುವಿನ ವೇಳೆ, ಕುಟುಂಬದೊಳಗಿನ ಸಂಬಂಧ, ಇತರ ಸದಸ್ಯರ ದೇಹಾರೋಗ್ಯ ಹಾಗೂ ಮಾನಸಿಕ ಆರೋಗ್ಯ ಎಂಬ ಆರು ವಿಭಾಗಗಳುಳ್ಳ ಈ ಪ್ರಶ್ನಾವಳಿಯು ಭಾರತದಲ್ಲಿ ಈಗಲೂ ಬಳಕೆಯಲ್ಲಿದೆ.

4. ಆರೈಕೆಯ ಹೊಣೆ ಬರುವ ಬಗೆ

ಆರೈಕೆಯ ಹೊಣೆಯು ಎರಡು ರೀತಿಯಲ್ಲಿ ಬರುತ್ತದೆ. ಪಾರ್ಶ್ವವಾಯು, ಅಪಘಾತ, ಬಿದ್ದು ಸೊಂಟದ ಮೂಳೆ ಮುರಿಯುವಿಕೆ ಮುಂತಾದವುಗಳಲ್ಲಿ ಅದು ಒಂದೇ ದಿನದಲ್ಲಿ ಬಂದೆರಗುತ್ತದೆ. ಮರೆವಿನ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ, ಮೂತ್ರಪಿಂಡ ವೈಫಲ್ಯ ಮುಂತಾದವುಗಳಲ್ಲಿ ಅದು ಗೊತ್ತಾಗದಂತೆ ಬೆಳೆಯುತ್ತದೆ. ಮೊದಲು ಮಾತ್ರೆ ನೆನಪಿಸುವುದು, ಅನಂತರ ಆಸ್ಪತ್ರೆಗೆ ಜೊತೆಗೆ ಹೋಗುವುದು, ಆಮೇಲೆ ಸ್ನಾನ ಮಾಡಿಸುವುದು, ಕೊನೆಗೆ ರಾತ್ರಿಯಿಡೀ ಎಚ್ಚರವಿರುವುದು. ಯಾವ ದಿನ ತಾವು ಆರೈಕೆದಾರರಾದೆವು ಎಂದು ಇವರು ಹೇಳಲಾರರು.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ನವಲಗುಂದ ತಾಲ್ಲೂಕಿನ ಕುಟುಂಬವೊಂದರ ಹಿರಿಯರಿಗೆ ಲಕ್ವಾ ಹೊಡೆಯುತ್ತದೆ. ಹಿರಿಯ ಮಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾನೆ. ಕಿರಿಯ ಮಗ ಬೆಂಗಳೂರಿನಲ್ಲಿದ್ದಾನೆ. ಮಗಳನ್ನು ಬೆಳಗಾವಿಗೆ ಕೊಡಲಾಗಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ "ದವಾಖಾನೆಗೆ ಹತ್ತಿರ" ಎಂಬ ಕಾರಣಕ್ಕೆ ಹಿರಿಯರನ್ನು ಹುಬ್ಬಳ್ಳಿಯ ಮನೆಗೆ ಕರೆತರಲಾಗುತ್ತದೆ. "ಸದ್ಯಕ್ಕೆ ಇರಲಿ" ಎಂದು ಎಲ್ಲರೂ ಒಪ್ಪುತ್ತಾರೆ. ಆರೈಕೆ ಯಾರು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಯಾರೂ ಹೇಳುವುದೂ ಇಲ್ಲ. ಮರುದಿನ ಬೆಳಿಗ್ಗೆಯಿಂದ ಹಿರಿಯ ಸೊಸೆ ಆರೈಕೆದಾರಳಾಗಿರುತ್ತಾಳೆ. ಮೂರು ವರ್ಷಗಳ ನಂತರವೂ ಅದೇ "ಸದ್ಯ" ಮುಂದುವರಿದಿರುತ್ತದೆ.

ಈ ಉದಾಹರಣೆಯಲ್ಲಿ ಯಾರೂ ದುರುದ್ದೇಶದಿಂದ ನಡೆದುಕೊಂಡಿಲ್ಲ. ಆದರೆ ನಿರ್ಧಾರವೇ ಆಗದೆ ಹೊಣೆಯೊಂದು ಒಬ್ಬರ ಹೆಗಲಿಗೆ ಬಂದಿದೆ. ಮುಂದೆ ವಿವರಿಸಲಾದ ಅನೇಕ ತೊಂದರೆಗಳ ಮೂಲವು ಇಲ್ಲಿದೆ.

5. ಭಾವನಾತ್ಮಕ ಪರಿಣಾಮಗಳು

ಅ) ಬದುಕಿರುವವರಿಗಾಗಿ ದುಃಖ: ತಾಯಿ ಎದುರಿಗೇ ಕುಳಿತಿದ್ದಾರೆ; ಆದರೆ ಮಗಳ ಹೆಸರು ಅವರಿಗೆ ನೆನಪಿಲ್ಲ. ಇಂತಹ ಸ್ಥಿತಿಯಲ್ಲಿ ಉಂಟಾಗುವ ದುಃಖವನ್ನು ಅಮೆರಿಕದ ತಜ್ಞೆ ಪಾಲಿನ್ ಬಾಸ್ ಅವರು ಅಸ್ಪಷ್ಟ ನಷ್ಟವೆಂದು ವಿವರಿಸಿದ್ದಾರೆ. ಮರಣದ ದುಃಖಕ್ಕೆ ನಮ್ಮ ಸಮಾಜದಲ್ಲಿ ವಿಧಿಗಳಿವೆ. ಬಂಧುಗಳು ಬಂದು ಕೂಡುತ್ತಾರೆ, ದಿನಗಳನ್ನು ಮಾಡುತ್ತಾರೆ. ಈ ದುಃಖಕ್ಕೆ ಅಂತಹ ವಿಧಿಯಿಲ್ಲ. ಆದ್ದರಿಂದ ಅದು ಒಳಗೇ ಉಳಿಯುತ್ತದೆ.

ಆ) ಸಿಟ್ಟು ಮತ್ತು ಅಪರಾಧಿ ಭಾವ: ಒಂದೇ ಪ್ರಶ್ನೆಯನ್ನು ಇಪ್ಪತ್ತು ಬಾರಿ ಕೇಳಿಸಿಕೊಂಡಾಗ, ಬದಲಿಸಿದ ಹಾಸಿಗೆ ಮತ್ತೆ ಒದ್ದೆಯಾದಾಗ ಸಿಟ್ಟು ಬರುವುದು ಸಹಜ. ಗದರಿದ ಮರುಕ್ಷಣವೇ "ಎಂಥ ಪಾಪ ಮಾಡಿದೆ" ಎಂಬ ಸಂಕಟವೂ ಬರುತ್ತದೆ. ಈ ಸಂಕಟವನ್ನು ತೊಳೆದುಕೊಳ್ಳಲು ಆರೈಕೆದಾರರು ಇನ್ನಷ್ಟು ದುಡಿಯುತ್ತಾರೆ, ಇನ್ನಷ್ಟು ದಣಿಯುತ್ತಾರೆ. ದಣಿವಿನಿಂದ ಮತ್ತೆ ಸಿಟ್ಟು ಬರುತ್ತದೆ. ಇದನ್ನು ಸ್ವಭಾವದ ದೋಷವೆಂದು ತಿಳಿಯದೆ ದಣಿವಿನ ಲಕ್ಷಣವೆಂದು ತಿಳಿಯಬೇಕು.

ಇ) "ಇದು ಮುಗಿದರೆ ಸಾಕು" ಎಂಬ ಯೋಚನೆ: ದೀರ್ಘಕಾಲ ಆರೈಕೆ ಮಾಡಿದವರಲ್ಲಿ ಈ ಯೋಚನೆ ಬರುವುದು ಅಪರೂಪವಲ್ಲ. ಇದನ್ನು ಯಾರೊಡನೆಯೂ ಹೇಳಿಕೊಳ್ಳಲಾಗದೆ ಅನೇಕರು ತಮ್ಮನ್ನು ತಾವೇ ದ್ವೇಷಿಸಿಕೊಳ್ಳುತ್ತಾರೆ. ನರಳಾಟ ಮುಗಿಯಲೆಂಬ ಬಯಕೆಯೂ ವ್ಯಕ್ತಿಯ ಮೇಲಿನ ಪ್ರೀತಿಯೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರಬಲ್ಲವು. ಆಪ್ತಸಮಾಲೋಚಕರ ಮುಂದೆ ಇದನ್ನು ಹೇಳಿಕೊಳ್ಳಲು ಹಿಂಜರಿಯಬೇಕಿಲ್ಲ.

ಈ) ಸದಾ ಎಚ್ಚರದ ಸ್ಥಿತಿ: ಹಾಸಿಗೆ ಹಿಡಿದವರಿಗೆ ಹುಣ್ಣುಗಳಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಒಬ್ಬರೇ ಈ ಸೂಚನೆಯನ್ನು ಪಾಲಿಸುವುದೆಂದರೆ ತಿಂಗಳುಗಟ್ಟಲೆ ತುಂಡು ನಿದ್ದೆ ಎಂದರ್ಥ. ನಿದ್ದೆಯ ಕೊರತೆಯಿಂದ ಮರೆವು, ಕಿರಿಕಿರಿ, ಆತಂಕ ಹೆಚ್ಚುತ್ತವೆ. ಖಿನ್ನತೆಯ ಸಾಧ್ಯತೆಯೂ ಹೆಚ್ಚುತ್ತದೆ.

ಉ) ತೃಪ್ತಿ: ಪರಿಣಾಮಗಳೆಲ್ಲವೂ ದುಃಖಕರವೆಂದು ಹೇಳಲಾಗದು. ತಂದೆಯೊಡನೆ ಎಂದೂ ಮನಬಿಚ್ಚಿ ಮಾತನಾಡದ ಮಗನು ಅವರಿಗೆ ಉಣಿಸುವಾಗ ಹತ್ತಿರವಾಗುವುದುಂಟು. ಋಣ ತೀರಿಸಿದ ಸಮಾಧಾನ, ತನ್ನಲ್ಲಿ ಇಷ್ಟು ತಾಳ್ಮೆಯಿತ್ತೆಂಬ ಅರಿವು, ಬದುಕಿನ ಆದ್ಯತೆಗಳ ಸ್ಪಷ್ಟತೆ ಇವುಗಳನ್ನು ಅನೇಕರು ಅನುಭವಿಸುತ್ತಾರೆ. ಆದರೆ ಈ ತೃಪ್ತಿಯು ಉಳಿಯಬೇಕಾದರೆ ವಿಶ್ರಾಂತಿಯೂ ನೆರವೂ ಬೇಕು. ತೃಪ್ತಿ ಇದೆ ಎಂಬ ಕಾರಣಕ್ಕೆ ನೆರವು ಬೇಡವೆಂದು ಯಾರೂ ಭಾವಿಸಬಾರದು.

ಊ) ಆರೈಕೆ ಮುಗಿದ ನಂತರ: ರೋಗಿಯು ತೀರಿಕೊಂಡ ಮೇಲೆ ಆರೈಕೆದಾರರಿಗೆ ದುಃಖದೊಡನೆ ಒಂದು ಬಗೆಯ ಶೂನ್ಯವೂ ಎದುರಾಗುತ್ತದೆ. ಮಾತ್ರೆಯ ವೇಳೆಗೆ ಎಚ್ಚರವಾಗುವುದು, ಹೊರಗೆ ಹೋದಾಗ ಬೇಗ ಮರಳಬೇಕೆಂಬ ತವಕ ಹಲವು ತಿಂಗಳು ಮುಂದುವರಿಯಬಹುದು. ಈ ಅವಧಿಯಲ್ಲಿಯೂ ಆಪ್ತಸಮಾಲೋಚನೆ ಪಡೆಯಬಹುದು.

6. ಸಾಮಾಜಿಕ ಪರಿಣಾಮಗಳು

ಅ) ಸಂಬಂಧದ ಸ್ವರೂಪ ಬದಲಾಗುವುದು: ತಂದೆಗೆ ಸ್ನಾನ ಮಾಡಿಸುವ ಮಗಳು, ಅತ್ತೆಯ ಬಟ್ಟೆ ಬದಲಿಸುವ ಅಳಿಯ, ಪತಿಯನ್ನು ಮಗುವಿನಂತೆ ನೋಡಿಕೊಳ್ಳಬೇಕಾದ ಪತ್ನಿ – ಇವರೆಲ್ಲರೂ ಹಿಂದಿನ ಸಂಬಂಧವನ್ನು ಒಂದಿಷ್ಟು ಕಳೆದುಕೊಂಡಿರುತ್ತಾರೆ. ಆರೈಕೆ ಪಡೆಯುವವರಿಗೂ ಇದು ಸಂಕೋಚ ಮತ್ತು ಅವಮಾನವನ್ನುಂಟುಮಾಡುತ್ತದೆ. ಅವರ ಹಟ ಮತ್ತು ಮುನಿಸಿನ ಹಿಂದೆ ಅನೇಕ ವೇಳೆ ಈ ಅವಮಾನವಿರುತ್ತದೆ.

ಆ) ಒಡನಾಟ ಕಡಿಮೆಯಾಗುವುದು: ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ಆರೈಕೆಯ ಹೊಣೆ ಹೊತ್ತ ಸೊಸೆಯು ಮೊದಲ ವರ್ಷ "ಈ ಸಲ ಆಗೋದಿಲ್ಲ" ಎನ್ನುತ್ತಾಳೆ. ಎರಡನೆಯ ವರ್ಷವೂ ಹಾಗೆಯೇ ಆಗುತ್ತದೆ. ಮೂರನೆಯ ವರ್ಷ ಅಣ್ಣ-ತಮ್ಮಂದಿರು ಕರೆಯಲು ಬರುವುದೇ ನಿಲ್ಲುತ್ತದೆ. ಮದುವೆ, ಸೀಮಂತ, ಸಿದ್ಧಾರೂಢ ಮಠದ ಜಾತ್ರೆ, ಓಣಿಯ ಭಜನೆ ಎಲ್ಲವೂ ಇದೇ ರೀತಿ ಒಂದೊಂದಾಗಿ ಬಿಟ್ಟುಹೋಗುತ್ತವೆ. ಒಂಟಿತನವು ಹೀಗೆ ಯಾರೂ ಗಮನಿಸದಂತೆ ಬೆಳೆಯುತ್ತದೆ.

ಇ) ಕಳಂಕದ ಭಯ: ಮನೋವ್ಯಾಧಿ, ಮೂರ್ಛೆರೋಗ, ಕುಡಿತದ ಚಟ ಮುಂತಾದವುಗಳಿದ್ದ ಮನೆಯವರು ಮಕ್ಕಳ ಮದುವೆಗೆ ತೊಡಕಾದೀತೆಂದು ವಿಷಯವನ್ನು ಮುಚ್ಚಿಡುತ್ತಾರೆ. ಧಾರವಾಡದ "ದೊಡ್ಡ ದವಾಖಾನೆ"ಗೆ ಹೋಗಿಬಂದೆವೆಂದು ಹೇಳಲು ಹಿಂಜರಿಯುತ್ತಾರೆ. ಮುಚ್ಚಿಟ್ಟ ವಿಷಯಕ್ಕೆ ನೆರವು ಕೇಳಲಾಗದು. ಆದ್ದರಿಂದ ಹೊರೆಯು ಇಮ್ಮಡಿಯಾಗುತ್ತದೆ.

ಈ) ಹೊರೆಯ ಅಸಮಾನ ಹಂಚಿಕೆ: ಭಾರತ ಸರ್ಕಾರವು 2019ರಲ್ಲಿ ನಡೆಸಿದ ಕಾಲ ಬಳಕೆ ಸಮೀಕ್ಷೆಯಂತೆ, ದೇಶದಲ್ಲಿ 6 ವರ್ಷ ಮೇಲ್ಪಟ್ಟವರ ಪೈಕಿ ಮನೆಯ ಸದಸ್ಯರ ಆರೈಕೆಯಲ್ಲಿ ಸಂಬಳವಿಲ್ಲದೆ ತೊಡಗಿದವರು ಮಹಿಳೆಯರಲ್ಲಿ ಶೇ. 27.6, ಪುರುಷರಲ್ಲಿ ಶೇ. 14. ಹೀಗೆ ತೊಡಗಿದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಪುರುಷರು 76 ನಿಮಿಷಗಳನ್ನೂ ಇದಕ್ಕಾಗಿ ವ್ಯಯಿಸುತ್ತಿದ್ದರು. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ಅಡುಗೆ, ಸ್ವಚ್ಛತೆ ಮುಂತಾದ ಮನೆಗೆಲಸವು ಇದಕ್ಕೆ ಹೊರತಾದದ್ದು. ಇನ್ನೊಂದೆಡೆ, ಆರೈಕೆ ಮಾಡುವ ಪುರುಷರಿಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳುವ ರೂಢಿಯಿಲ್ಲದಿರುವುದರಿಂದ ಅವರ ಬಳಲಿಕೆಯು ಬೆಳಕಿಗೆ ಬರುವುದೇ ಕಡಿಮೆ.

ಉ) ದುಡಿಮೆ ಮತ್ತು ವಿದ್ಯಾಭ್ಯಾಸ: ದಿನಗೂಲಿಯವರಿಗೆ ಆಸ್ಪತ್ರೆಯ ಒಂದು ದಿನವೆಂದರೆ ಕೂಲಿಯಿಲ್ಲದ ಒಂದು ದಿನ. ನೌಕರಿಯಲ್ಲಿರುವವರು ಬಡ್ತಿ, ವರ್ಗಾವಣೆಗಳನ್ನು ಬಿಟ್ಟುಕೊಡುತ್ತಾರೆ. ಕೆಲವು ಮನೆಗಳಲ್ಲಿ ಹಿರಿಯ ಮಗಳ ಶಾಲೆಯೇ ನಿಲ್ಲುತ್ತದೆ. ಹದಿನೆಂಟು ವರ್ಷದೊಳಗಿನವರ ಮೇಲೆ ಪೂರ್ಣ ಆರೈಕೆಯ ಹೊಣೆ ಬೀಳದಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಊ) ಒಡಹುಟ್ಟಿದವರ ನಡುವಿನ ವೈಮನಸ್ಯ: ದೂರದಲ್ಲಿರುವವರು ಹಣ ಕಳುಹಿಸಿ ಸಲಹೆ ನೀಡುತ್ತಾರೆ, ಹತ್ತಿರವಿರುವವರು ಸಲಹೆಯನ್ನು ಟೀಕೆಯೆಂದು ತಿಳಿಯುತ್ತಾರೆ. ವರ್ಷಕ್ಕೊಮ್ಮೆ ಬಂದವರ ಎದುರು ರೋಗಿಯು ಗೆಲುವಾಗಿ ಮಾತನಾಡಿದಾಗ "ಚಲೋ ಇದ್ದಾರಲ್ಲ" ಎಂಬ ಮಾತು ಬರುತ್ತದೆ. ಆರೈಕೆ ಮಾಡುವವರಿಗೆ ಇದಕ್ಕಿಂತ ನೋವಿನ ಮಾತು ಬೇರೆಯಿಲ್ಲ. ಆಸ್ತಿಯ ವಿಚಾರವು ಇದರೊಡನೆ ಸೇರಿದರೆ ವೈಮನಸ್ಯವು ಶಾಶ್ವತವಾಗಬಹುದು.

7. ನೆರವು ಯಾವಾಗ ಕೋರಬೇಕು?

ಕೆಳಗಿನ ಲಕ್ಷಣಗಳು ಎರಡು ವಾರಗಳಿಗಿಂತ ಹೆಚ್ಚು ಕಾಲ ಕಂಡುಬಂದಲ್ಲಿ ಆರೈಕೆದಾರರು ತಮಗಾಗಿಯೇ ವೈದ್ಯರನ್ನು ಕಾಣಬೇಕು.

– ಅವಕಾಶವಿದ್ದಾಗಲೂ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು
– ಕಾರಣವಿಲ್ಲದೆ ಅಳು ಬರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು
– ತಮ್ಮ ಸ್ವಂತ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆ ಹಾಗೂ ತಪಾಸಣೆಗಳನ್ನು ತಪ್ಪಿಸುವುದು
– ನಿದ್ದೆಗಾಗಿ ಅಥವಾ ನೋವು ಮರೆಯಲು ಮದ್ಯ, ತಂಬಾಕು ಇಲ್ಲವೆ ಮಾತ್ರೆಗಳನ್ನು ಅವಲಂಬಿಸುವುದು

ರೋಗಿಯ ಮೇಲೆ ಕೈ ಎತ್ತುವ ಹಂತ ತಲುಪಿದಲ್ಲಿ, ಅಥವಾ "ನಾನು ಇರಬಾರದು" ಎಂಬ ಯೋಚನೆ ಬಂದಲ್ಲಿ, ಎರಡು ವಾರ ಕಾಯದೆ ಅದೇ ದಿನ ನೆರವು ಕೋರಬೇಕು. ದಿನದ 24 ಗಂಟೆಯೂ ಲಭ್ಯವಿರುವ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಇಲ್ಲಿ ಕನ್ನಡದಲ್ಲಿ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯು ರೋಗಿಗಳಿಗೆ ಮಾತ್ರ ಸೀಮಿತವಲ್ಲ. ಆರೈಕೆದಾರರೂ ಕರೆ ಮಾಡಬಹುದು.

8. ಕುಟುಂಬದೊಳಗೆ ಮಾಡಿಕೊಳ್ಳಬಹುದಾದ ಏರ್ಪಾಡುಗಳು

ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಕುಟುಂಬದ ಎಲ್ಲರೂ ಒಮ್ಮೆ ಕುಳಿತು ಮಾತನಾಡುವುದು ಅತ್ಯಂತ ಉಪಯುಕ್ತ. ಹಗಲು ಯಾರು, ರಾತ್ರಿ ಯಾರು, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ವೆಚ್ಚ ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಪುನಃ ಪರಿಶೀಲಿಸಬೇಕು. "ಸದ್ಯಕ್ಕೆ" ಎಂಬ ಮಾತಿಗೆ ಕೊನೆಯ ದಿನಾಂಕವಿರಬೇಕು.

ದೂರದಲ್ಲಿರುವ ಮಕ್ಕಳು ಹಣದೊಡನೆ ಸಮಯವನ್ನೂ ನೀಡಬಹುದು. ವರ್ಷದಲ್ಲಿ ಎರಡು ವಾರ ಬಂದು ಆರೈಕೆಯ ಪೂರ್ಣ ಹೊಣೆ ವಹಿಸಿಕೊಂಡರೆ ಹತ್ತಿರವಿರುವವರು ತವರಿಗೋ ಯಾತ್ರೆಗೋ ಹೋಗಿಬರಬಹುದು. ಇದರಿಂದ ಆರೈಕೆಯ ನಿಜವಾದ ಭಾರವೂ ಅವರ ಅರಿವಿಗೆ ಬರುತ್ತದೆ. ಊರಲ್ಲಿರುವ ನೆರೆಹೊರೆಯವರಿಂದ "ಏನಾದರೂ ಬೇಕಾದರೆ ಹೇಳಿ" ಎಂಬ ಮಾತು ಬಂದಾಗ "ಬುಧವಾರ ಸಂಜೆ ಒಂದು ತಾಸು ಕೂಡ್ರಿ" ಎಂದು ನಿರ್ದಿಷ್ಟವಾಗಿ ಕೇಳುವುದು ಒಳಿತು. ಬಹುಪಾಲು ಜನರು ಮನಸ್ಸಿಲ್ಲದೆ ಅಲ್ಲ, ಏನು ಮಾಡಬೇಕೆಂದು ತಿಳಿಯದೆ ಸುಮ್ಮನಿರುತ್ತಾರೆ.

ರೋಗಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ನಳಿಕೆಯ ಮೂಲಕ ಆಹಾರ ನೀಡುವುದು ಮುಂತಾದವುಗಳನ್ನು ಬಿಡುಗಡೆಗೆ ಮೊದಲೇ ಶುಶ್ರೂಷಕರಿಂದ ಕೇಳಿ ಕಲಿತುಕೊಳ್ಳಬೇಕು. ಕನಿಷ್ಠ ಇಬ್ಬರು ಕಲಿತಿರುವುದು ಅವಶ್ಯ. ಒಬ್ಬರಿಗೆ ಮಾತ್ರ ಬರುವ ಕೆಲಸವು ಒಬ್ಬರದೇ ಕೆಲಸವಾಗಿ ಉಳಿಯುತ್ತದೆ.

9. ಕಾನೂನು ಮತ್ತು ಸೌಲಭ್ಯಗಳು

ಅ) ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007: ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ-ತಾಯಿ ಅಥವಾ 60 ವರ್ಷ ಮೇಲ್ಪಟ್ಟವರು ಪೋಷಣೆ ಕೋರಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಶಕ್ತರಾಗಿದ್ದಲ್ಲಿ ಅವರು ಅಧಿಕಾರ ನೀಡಿದ ವ್ಯಕ್ತಿಯು ಸಲ್ಲಿಸಬಹುದು. ಮಾಸಿಕ ರೂ. 10,000ದವರೆಗೆ ಪೋಷಣಾ ಭತ್ಯೆಗೆ ಆದೇಶಿಸಲು ಅಧಿನಿಯಮವು ಅವಕಾಶ ನೀಡಿದೆ. ಆರೈಕೆದಾರರು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಅರ್ಜಿಯನ್ನು ಒಬ್ಬರಿಗಿಂತ ಹೆಚ್ಚು ಮಕ್ಕಳ ವಿರುದ್ಧ ಸಲ್ಲಿಸಬಹುದು. ಒಬ್ಬರ ವಿರುದ್ಧವೇ ಸಲ್ಲಿಸಿದ್ದರೂ ಅವರು ಹೊಣೆಗಾರರಾದ ಇತರರನ್ನು ಪ್ರಕರಣದಲ್ಲಿ ಸೇರಿಸಲು ಕೋರಬಹುದು. ಅಂದರೆ ಪೋಷಣೆಯು ಹತ್ತಿರವಿರುವ ಒಬ್ಬರದೇ ಹೊಣೆಯೆಂದು ಕಾನೂನು ಭಾವಿಸುವುದಿಲ್ಲ.

ಆ) ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017: ರೋಗಿಯು ತನಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯನ್ನಾಗಿ ಲಿಖಿತವಾಗಿ ನೇಮಿಸಬಹುದು. ಹಾಗೆ ನೇಮಿಸದಿದ್ದಲ್ಲಿ ಪ್ರತಿನಿಧಿಯಾಗಬಹುದಾದವರ ಅನುಕ್ರಮದಲ್ಲಿ ಸಂಬಂಧಿಕರ ನಂತರ ಆರೈಕೆದಾರರಿಗೆ ಸ್ಥಾನವಿದೆ.

ಇ) ರಾಷ್ಟ್ರೀಯ ನ್ಯಾಸ ಅಧಿನಿಯಮ, 1999: ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ 18 ವರ್ಷ ತುಂಬಿದ ನಂತರ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. "ನಮ್ಮ ನಂತರ ಯಾರು?" ಎಂಬ ಪೋಷಕರ ಚಿಂತೆಗೆ ಇದು ಒಂದು ಉತ್ತರ. ಈ ನ್ಯಾಸದ ನಿರಾಮಯ ಯೋಜನೆಯಡಿ ರೂ. 1 ಲಕ್ಷದವರೆಗಿನ ಆರೋಗ್ಯ ವಿಮೆಯ ಸೌಲಭ್ಯವಿದೆ.

ಈ) ಆರೈಕೆದಾರರ ಭತ್ಯೆ: ಮೆದುಳಿನ ಪಾರ್ಶ್ವವಾಯು, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗಳಿಂದ ಬಳಲುವವರ ಆರೈಕೆದಾರರಿಗೆ ಮಾಸಿಕ ರೂ. 1,000 ಪ್ರೋತ್ಸಾಹಧನ ನೀಡುವುದಾಗಿ 2024-25ನೇ ಸಾಲಿನ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಅರ್ಹತೆಯ ವಿವರಗಳನ್ನು ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಉ) ಪ್ರಯಾಣ: ನಿಗದಿತ ವರ್ಗಗಳ ಅಂಗವಿಕಲರಿಗೆ ಹಾಗೂ ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯು ನೀಡುವ ರಿಯಾಯಿತಿಯು ಜೊತೆಗಿರುವ ಒಬ್ಬ ಸಹಾಯಕರಿಗೂ ಅನ್ವಯಿಸುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ಹಳ್ಳಿಗಳಿಂದ ಆಸ್ಪತ್ರೆಗೆ ಓಡಾಡುವ ಆರೈಕೆದಾರರಿಗೆ ಇದು ಸಹಾಯಕ.

ಊ) ಚಿಕಿತ್ಸಾ ವೆಚ್ಚ ಮತ್ತು ಪಿಂಚಣಿ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಸಂಧ್ಯಾ ಸುರಕ್ಷಾ ಹಾಗೂ ಅಂಗವಿಕಲರ ಪಿಂಚಣಿಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಮೊತ್ತವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಚಾಲ್ತಿಯಲ್ಲಿರುವ ದರವನ್ನು ಅಲ್ಲಿಯೇ ತಿಳಿದುಕೊಳ್ಳತಕ್ಕದ್ದು.

10. ಅರ್ಜಿದಾರರ ಗಮನಕ್ಕೆ

– ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಗೆ ಮೊದಲು ಅರ್ಜಿ ಸಲ್ಲಿಸಿರಿ. ಅನೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವು ಆಧಾರವಾಗಿರುತ್ತದೆ. 2016ರ ಅಧಿನಿಯಮವು ಮಾನಸಿಕ ಅಸ್ವಸ್ಥತೆ, ಪಾರ್ಕಿನ್ಸನ್ ಕಾಯಿಲೆಗಳೂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ.
– ಬಿಡುಗಡೆ ಪತ್ರ, ಔಷಧ ಚೀಟಿ, ಪರೀಕ್ಷಾ ವರದಿ, ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಪುಸ್ತಕಗಳ ಪ್ರತಿಗಳನ್ನು ಒಂದೇ ಕಡತದಲ್ಲಿ ಇರಿಸಿಕೊಳ್ಳಿರಿ. ಆ ಕಡತ ಎಲ್ಲಿದೆಯೆಂಬುದು ಮನೆಯ ಇನ್ನೊಬ್ಬರಿಗೂ ತಿಳಿದಿರಲಿ.
– ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಅರ್ಜಿಯ ನೆರವಿಗಾಗಿ ಸಂಪರ್ಕಿಸಬಹುದು.
– ರೋಗಿಯ ತಪಾಸಣೆಯ ದಿನವೇ ತಮ್ಮ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಿರಿ.
– ವೈದ್ಯರೊಡನೆ ಮಾತನಾಡುವಾಗ "ರೋಗಿಯ ಜೊತೆ ಬಂದವರು" ಎನ್ನುವ ಬದಲು "ಆರೈಕೆ ಮಾಡುವವರು ನಾನೇ, ಮನೆಯಲ್ಲಿ ಬೇರೆ ಯಾರೂ ಇಲ್ಲ" ಎಂದು ಸ್ಪಷ್ಟವಾಗಿ ತಿಳಿಸಿರಿ. ಔಷಧದ ವೇಳೆ, ಮುಂದಿನ ಭೇಟಿಯ ದಿನ ಮುಂತಾದವುಗಳನ್ನು ಅದಕ್ಕೆ ಅನುಗುಣವಾಗಿ ಹೊಂದಿಸಲು ವೈದ್ಯರಿಗೆ ಇದರಿಂದ ಅನುಕೂಲವಾಗುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆಲಕಾಲ ಬೇರೆಯವರ ಕೈಯಲ್ಲಿ ಬಿಟ್ಟು ಹೋಗುವುದು ತಪ್ಪಲ್ಲವೇ?
ಉತ್ತರ: ತಪ್ಪಲ್ಲ. ವಿಶ್ರಾಂತಿಯಿಲ್ಲದ ಆರೈಕೆಯಿಂದ ರೋಗಿಗೂ ಅಪಾಯ. ಔಷಧದ ಪ್ರಮಾಣ ತಪ್ಪುವುದು, ಎತ್ತುವಾಗ ಇಬ್ಬರೂ ಬೀಳುವುದು ದಣಿವಿದ್ದಾಗ ಹೆಚ್ಚು.

ಪ್ರಶ್ನೆ: ಹಿರಿಯರನ್ನು ವೃದ್ಧಾಶ್ರಮಕ್ಕೆ ಸೇರಿಸಿದರೆ ಜನ ಏನೆಂದಾರು?
ಉತ್ತರ: ಮನೆಯಲ್ಲಿ ಸುರಕ್ಷಿತವಾಗಿ ನೋಡಿಕೊಳ್ಳಲು ಸಾಧ್ಯವಿಲ್ಲದಿದ್ದಾಗ, ಹಿರಿಯರ ಇಚ್ಛೆಯನ್ನು ಕೇಳಿ, ಸ್ಥಳವನ್ನು ನೋಡಿ, ನಿಯಮಿತವಾಗಿ ಭೇಟಿ ನೀಡುವ ಏರ್ಪಾಡಿನೊಡನೆ ಸೇರಿಸುವುದು ತೊರೆಯುವುದಲ್ಲ. ನೋಡಿಕೊಳ್ಳುವ ಹೊಣೆಯುಳ್ಳವರು ಹಿರಿಯರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು ಮಾತ್ರ 2007ರ ಅಧಿನಿಯಮದಂತೆ ಶಿಕ್ಷಾರ್ಹ.

ಪ್ರಶ್ನೆ: ನನಗೆ ಯಾವ ಕಾಯಿಲೆಯೂ ಇಲ್ಲ, ಬರೀ ದಣಿವು. ಇದಕ್ಕೂ ವೈದ್ಯರಲ್ಲಿಗೆ ಹೋಗಬೇಕೇ?
ಉತ್ತರ: ಹೋಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ದೊರೆಯುವ ಆಪ್ತಸಮಾಲೋಚನೆಗೆ ಕಾಯಿಲೆಯ ಹೆಸರು ಇರಬೇಕೆಂಬ ನಿಬಂಧನೆಯಿಲ್ಲ.

12. ಸಹಾಯವಾಣಿಗಳು

ಮಾನಸಿಕ ಆರೋಗ್ಯ (ಟೆಲಿ-ಮಾನಸ್): 14416
ಹಿರಿಯ ನಾಗರಿಕರು ಮತ್ತು ಅವರ ಆರೈಕೆದಾರರು (ಎಲ್ಡರ್‌ಲೈನ್): 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ
ಆಂಬ್ಯುಲೆನ್ಸ್: 108
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098

ಮನೆಯಲ್ಲಿ ಆರೈಕೆ ಮಾಡುತ್ತಿರುವ ನೆರೆಹೊರೆಯವರು ತಮಗೆ ತಿಳಿದಿದ್ದಲ್ಲಿ, ಈ ಮಾಹಿತಿಯನ್ನು ಅವರಿಗೂ ತಲುಪಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ. ರೋಗಿಯ ಆರೋಗ್ಯ ವಿಚಾರಿಸಲು ಹೋದಾಗ ಆರೈಕೆ ಮಾಡುತ್ತಿರುವವರನ್ನೂ "ನೀವು ಹೇಗಿದ್ದೀರಿ?" ಎಂದು ವಿಚಾರಿಸಿರಿ.